ಓಪನ್‌5ಜಿಎಸ್ (ಸೋರ್ಸ್ ಕೋಡ್‌ನಿಂದ ನಿರ್ಮಾಣ)

ಓಪನ್‌5ಜಿಎಸ್ ಎಂಬುದು ಮೊಬೈಲ್ ಜಾಲದ ಕೋರ್ ಭಾಗವನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ನಡೆಸುವ ಮುಕ್ತ ತಂತ್ರಾಂಶ. ಕೊರಿಯಾದ ಸುಕ್‌ಚಾನ್ ಲೀ ಇದನ್ನು ನೆಕ್ಸ್ಟ್‌ಇಪಿಸಿ ಹೆಸರಿನಲ್ಲಿ 4ಜಿಗಾಗಿ ಬರೆಯತೊಡಗಿದರು. ಈಗಿನ ಹೆಸರು ಬಂದದ್ದು 2019ರಲ್ಲಿ. ಆಮೇಲೆ 5ಜಿಯೂ ಸೇರಿತು. ಸಿ ಭಾಷೆಯಲ್ಲಿರುವ ಇದಕ್ಕೆ ಎಜಿಪಿಎಲ್ 3ನೇ ಆವೃತ್ತಿಯ ಪರವಾನಗಿ ಇದೆ.

ಊರಾಚೆ ನಿಂತ ಟವರ್ ಎಲ್ಲರಿಗೂ ಕಾಣುತ್ತದೆ, ಕೋರ್ ಯಾರಿಗೂ ಕಾಣುವುದಿಲ್ಲ. ಸಿಮ್ ಅಸಲಿಯೇ, ಫೋನು ಈಗ ಎಲ್ಲಿದೆ, ಅದಕ್ಕೆ ಯಾವ ಐಪಿ ವಿಳಾಸ, ಅದರ ಡೇಟಾ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಕೋಲಾರ ಜಿಲ್ಲೆಯ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಸ್ಥಿರ ದೂರವಾಣಿಗೆ ತಾಲ್ಲೂಕಿನ ಗುರುತಿತ್ತು: ಮಾಲೂರು 08151, ಕೋಲಾರ 08152, ಶ್ರೀನಿವಾಸಪುರ 08157, ಮುಳಬಾಗಿಲು 08159. ಮೊಬೈಲ್ ಕೋರ್‌ಗೆ ತಾಲ್ಲೂಕು ಗೊತ್ತಿಲ್ಲ. ಅದು ಜಾಲವನ್ನು ಗುರುತಿಸುವುದು ದೇಶದ ಸಂಕೇತ ಮತ್ತು ಜಾಲದ ಸಂಕೇತ ಎಂಬ ಎರಡು ಸಂಖ್ಯೆಗಳಿಂದ. ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯಕ್ಕೆ 404-71, ಆಂಧ್ರಕ್ಕೆ 404-73. ಮೂಡಣ ಬಾಗಿಲು ಎಂದೇ ಹೆಸರಾದ ಮುಳಬಾಗಿಲನ್ನು ಬಿಟ್ಟು, ನಂಗಲಿ ದಾಟಿ ಆಂಧ್ರದ ಪಲಮನೇರಿನ ಕಡೆ ಹೊರಟವರ ಬಿಎಸ್‌ಎನ್‌ಎಲ್ ಫೋನು 71ನ್ನು ಕಳಚಿಕೊಂಡು 73ನ್ನು ಹಿಡಿಯುವುದು ಈ ಲೆಕ್ಕದಲ್ಲೇ. ಗಡಿಯ ಚೆಕ್‌ಪೋಸ್ಟ್ ಎಲ್ಲಿದೆ ಎಂಬುದು ಅದಕ್ಕೆ ಬೇಕಿಲ್ಲ, ಯಾವ ಟವರಿನ ಸಿಗ್ನಲ್ ಸಿಕ್ಕಿತು ಎಂಬುದಷ್ಟೇ ಸಾಕು.

ನಿರ್ಮಾಣಕ್ಕೆ ಡೆಬಿಯನ್ ಅಥವಾ ಉಬುಂಟು ಇರುವ ಲ್ಯಾಪ್‌ಟಾಪ್ ಸಾಕು. ಸಿ ಕಂಪೈಲರ್, ಫ್ಲೆಕ್ಸ್, ಬೈಸನ್, ಮೀಸನ್, ನಿಂಜಾ ಮತ್ತು ಹಲವು ಲೈಬ್ರರಿಗಳನ್ನು ಮೊದಲು ಹಾಕಿಕೊಳ್ಳಬೇಕು. ಲೈಬ್ರರಿಯಷ್ಟೇ ಇದ್ದರೆ ಆಗದು, ಅದರ ಹೆಡರ್ ಕಡತಗಳಿರುವ 'ಡೆವ್' ಪ್ಯಾಕೇಜೂ ಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಗಿಟ್‌ನಿಂದ ಕೋಡ್ ಇಳಿಸಿಕೊಂಡ ಮೇಲೆ ಮೀಸನ್ ಅವಲಂಬನೆಗಳನ್ನು ಪರಿಶೀಲಿಸುತ್ತದೆ, ನಿಂಜಾ ಕಂಪೈಲ್ ಮಾಡುತ್ತದೆ. ಜೊತೆಗೇ ಬರುವ ಪರೀಕ್ಷೆಗಳನ್ನು ಓಡಿಸಿ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಚಂದಾದಾರರ ವಿವರ ಇರುವುದು ಮಾಂಗೋಡಿಬಿ ಎಂಬ ದತ್ತಸಂಚಯದಲ್ಲಿ. (ಮಾವಿಗೆ ಹೆಸರಾದ ಶ್ರೀನಿವಾಸಪುರದವರು ಹೆಸರು ಕೇಳಿ ನಕ್ಕರೆ ತಪ್ಪೇನಿಲ್ಲ, ಇದಕ್ಕೂ ಮಾವಿನ ಹಣ್ಣಿಗೂ ಸಂಬಂಧವಿಲ್ಲ.) 2018ರಲ್ಲಿ ಅದರ ಪರವಾನಗಿ ಬದಲಾದ ಮೇಲೆ ಡೆಬಿಯನ್ ಅದನ್ನು ತನ್ನ ಭಂಡಾರದಿಂದ ಕೈಬಿಟ್ಟಿತು, ಹಾಗಾಗಿ ಬೇರೆಡೆಯಿಂದ ತರಿಸಿಕೊಳ್ಳಬೇಕು. ಐದನೆಯ ಆವೃತ್ತಿಯಿಂದಾಚೆಗೆ ಪ್ರೊಸೆಸರಿನಲ್ಲಿ ಎವಿಎಕ್ಸ್ ಸೌಲಭ್ಯ ಇರಲೇಬೇಕು. ಪ್ರಯೋಗಾಲಯದ ಮೂಲೆಯಲ್ಲಿ ಉಳಿದುಕೊಂಡ ಹಳೆಯ ಯಂತ್ರದಲ್ಲಿ ಅದು ಏಳುವ ಮೊದಲೇ ಬೀಳುವುದು ಇದರಿಂದ. ದೋಷವನ್ನು ಓಪನ್‌5ಜಿಎಸ್‌ನಲ್ಲಿ ಹುಡುಕಿ ದಿನ ಕಳೆದವರುಂಟು.

ಕೋರ್‌ನ ಪ್ರತಿ ಘಟಕವೂ ಬೇರೆ ಪ್ರೋಗ್ರಾಂ, ಬೇರೆ ಲೂಪ್‌ಬ್ಯಾಕ್ ವಿಳಾಸ: ಫೋನಿನ ನೋಂದಣಿ ನೋಡುವ ಎಎಂಎಫ್ 127.0.0.5ರಲ್ಲಿ, ಡೇಟಾ ಸಾಗಿಸುವ ಯುಪಿಎಫ್ 127.0.0.7ರಲ್ಲಿ. ಲಿನಕ್ಸ್‌ನಲ್ಲಿ 127ರಿಂದ ಶುರುವಾಗುವ ವಿಳಾಸಗಳೆಲ್ಲ ತಾವಾಗಿಯೇ ಕೆಲಸ ಮಾಡುತ್ತವೆ. ಫ್ರೀಬಿಎಸ್‌ಡಿ, ಮ್ಯಾಕ್‌ಓಎಸ್‌ಗಳಲ್ಲಿ 127.0.0.1 ಒಂದೇ ಸಿದ್ಧವಿರುವುದು; ಉಳಿದವನ್ನು ಒಂದೊಂದಾಗಿ ಸೇರಿಸಬೇಕು. ಟವರ್ ಮತ್ತು ಎಎಂಎಫ್ ಮಾತಾಡುವುದು ಟಿಸಿಪಿಯಲ್ಲಲ್ಲ, ಎಸ್‌ಸಿಟಿಪಿಯಲ್ಲಿ, 38412ನೇ ಪೋರ್ಟಿನ ಮೂಲಕ. ಮ್ಯಾಕ್‌ನ ಕರ್ನಲ್‌ನಲ್ಲಿ ಎಸ್‌ಸಿಟಿಪಿ ಇಲ್ಲದ್ದರಿಂದ ಅಲ್ಲಿ ಅದಕ್ಕೆಂದೇ ಬೇರೆ ಲೈಬ್ರರಿ ಬೇಕು.

ದೂರವಾಣಿ ಜಾಲವನ್ನು ನಾವೇ ಕಟ್ಟಿಕೊಳ್ಳುವ ಇಂಥ ಕೆಲಸಕ್ಕೆ ಕರ್ನಾಟಕದಲ್ಲಿ ಪೂರ್ವಪರಂಪರೆಯಿದೆ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೂತದ್ದು ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ, 128 ಲೈನಿನ ಪೆಟ್ಟಿಗೆ ಅದು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಕೋರ್ ಕೊಟ್ಟದ್ದೂ ಸಿ-ಡಾಟ್. ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. 2022ರಲ್ಲಿ ಉದ್ಘಾಟನೆಯಾದ ದೇಶೀಯ 5ಜಿ ಪರೀಕ್ಷಾ ವ್ಯವಸ್ಥೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನುಗಳೇ ತಯಾರಾಗುತ್ತವೆ.

ಕೋರ್ ಸಿದ್ಧವಾದರೂ, ಪರವಾನಗಿ ಇಲ್ಲದೆ ಮೊಬೈಲ್ ತರಂಗಾಂತರದಲ್ಲಿ ಪ್ರಸಾರ ಮಾಡುವುದು ಅಪರಾಧ. 404-71ನ್ನು ಕಾನ್ಫಿಗರೇಶನ್ನಿನಲ್ಲಿ ಬರೆದುಕೊಂಡು ಟವರ್ ನಿಲ್ಲಿಸುವುದಂತೂ ಸಲ್ಲದು. ಖಾಸಗಿ ಜಾಲಗಳಿಗೆಂದು ಮೀಸಲಾದ 999ರ ಸಂಕೇತವೇ ಓಪನ್‌5ಜಿಎಸ್‌ನಲ್ಲಿ ಪೂರ್ವನಿಗದಿಯಾಗಿ ಇರುತ್ತದೆ: 999-70. ರೇಡಿಯೊ ಇಲ್ಲದೆ ಕಲಿಯುವವರಿಗೆ ಯುಇರಾನ್‌ಸಿಮ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವಿದೆ. ಅದು ಟವರನ್ನೂ ಫೋನನ್ನೂ ತಾನೇ ನಟಿಸುತ್ತದೆ. ಚಂದಾದಾರನ ಸಂಖ್ಯೆ ಮತ್ತು ಗುಪ್ತ ಕೀಲಿ ಎರಡೂ ಕಡೆ ಒಂದೇ ಇರಬೇಕು, ಒಂದಂಕಿ ತಪ್ಪಿದರೂ ನೋಂದಣಿ ತಿರಸ್ಕೃತ. ಸರಿಹೊಂದಿದರೆ ಆ ನಟ ಫೋನಿಗೆ 10.45ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ. ವಿಳಾಸ ಸಿಕ್ಕೂ ಇಂಟರ್‌ನೆಟ್ ತೆರೆಯದಿದ್ದರೆ, ಐಪಿ ಫಾರ್ವರ್ಡಿಂಗ್ ಮತ್ತು ನ್ಯಾಟ್ ನಿಯಮ ಹಾಕಲು ಮರೆತಿರುವುದೇ ಬಹುಮಟ್ಟಿಗೆ ಕಾರಣ.