ಮಕ್ಕಳ ಜೊತೆ ದುರ್ಗದ ದಾರಿ: ನಾಲ್ಕು ನಿಲ್ದಾಣ, ಎರಡು ಸಾವಿರ ವರ್ಷ

ನಾವು ಶಾಲೆಯಲ್ಲಿದ್ದಾಗ ಪ್ರವಾಸ ಅಂದರೆ ಮೈಸೂರು. ರಾತ್ರಿ ಬಸ್ಸು ಹತ್ತುವುದು, ಬೆಳಿಗ್ಗೆ ಮೃಗಾಲಯ, ಮಧ್ಯಾಹ್ನ ಅರಮನೆ, ಸಂಜೆ ಕೆಆರ್‌ಎಸ್ ಕಾರಂಜಿ. ದುಡ್ಡು ಕೊಡಲಾಗದ ಮಕ್ಕಳು ಊರಲ್ಲೇ ಉಳಿಯುತ್ತಿದ್ದರು. ಆದರೆ ನಮ್ಮೂರಿನಿಂದ ಬಸ್ಸಲ್ಲಿ ಒಂದು ತಾಸಿಗೆ ಸಿಗುವ ಚಿತ್ರದುರ್ಗದ ಕೋಟೆಯೊಳಗೆ ನಾವು ಮೊದಲು ಕಾಲಿಟ್ಟಿದ್ದು ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ. ಅದೂ ವರದಿ ಬರೆದು ತನ್ನಿ ಎಂದು ಮೇಷ್ಟ್ರು ಅಟ್ಟಿದ್ದರಿಂದ.

ನಮ್ಮ ಮಕ್ಕಳಿಗೂ ಹಾಗೇ ಆಗುವುದು ಬೇಡ ಅನ್ನಿಸಿತು. ಕಳೆದ ದಸರಾ ರಜೆಯಲ್ಲಿ ಎರಡು ಮನೆಯವರು ಸೇರಿ, ನಾಲ್ಕು ಮಕ್ಕಳನ್ನು ಕೂರಿಸಿಕೊಂಡು, ಒಂದು ಬಾಡಿಗೆ ಗಾಡಿಯಲ್ಲಿ ಎರಡು ದಿನ ನಮ್ಮ ಜಿಲ್ಲೆಯನ್ನೇ ಸುತ್ತಿದೆವು. ಹಿರಿಯೂರಿನ ಕಡೆಯಿಂದ ಶುರು, ಮೊಳಕಾಲ್ಮುರು ತಾಲ್ಲೂಕಿನಲ್ಲಿ ಮುಕ್ತಾಯ. ಆ ದಾರಿಯಲ್ಲಿ ಹೋದರೆ ಒಂದೊಂದು ನಿಲ್ದಾಣಕ್ಕೂ ಕಾಲ ಹಿಂದಕ್ಕೆ ಹೋಗುತ್ತದೆ. ನೂರು ವರ್ಷ ಹಿಂದಿನ ಅಣೆಕಟ್ಟಿನಿಂದ ಹೊರಟವರು ಅಶೋಕನ ಕಾಲಕ್ಕೆ ಹೋಗಿ ನಿಂತೆವು.

ಮೊದಲ ನಿಲ್ದಾಣ: ಮಾರಿಕಣಿವೆ

ಹಿರಿಯೂರಿನಿಂದ ಸುಮಾರು 20 ಕಿ.ಮೀ. ಹೋದರೆ ವಾಣಿವಿಲಾಸ ಸಾಗರ. ನಮ್ಮ ಕಡೆಯವರಿಗೆ ಅದು ಇಂದಿಗೂ ಮಾರಿಕಣಿವೆ. ಎರಡು ಗುಡ್ಡದ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿಗೆ ಕಲ್ಲಿನ ಗೋಡೆ ಕಟ್ಟಿದ್ದಾರೆ. ಬಾಬಾಬುಡನ್‌ಗಿರಿ ಕಡೆ ಹುಟ್ಟುವ ವೇದಾ ಮತ್ತು ಅವತಿ ಕಡೂರಿನ ಹತ್ತಿರ ಕೂಡಿ ವೇದಾವತಿ ಆಗುತ್ತವೆ. ಆ ನೀರನ್ನು ಹಿಡಿದು ನಿಲ್ಲಿಸಿದ್ದು ಈ ಕಣಿವೆ.

ಮಕ್ಕಳಿಗೆ ಗುಡ್ಡದ ಮೇಲಿನಿಂದ ಹಿನ್ನೀರು ತೋರಿಸಿ. ಭಾರತದ ನಕ್ಷೆ ಹಾಗೆ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮಕ್ಕಳು ಅದರಲ್ಲಿ ಕರ್ನಾಟಕ ಎಲ್ಲಿದೆ ಎಂದು ಅರ್ಧ ತಾಸು ಜಗಳವಾಡಿದರು.

ಈ ಅಣೆಕಟ್ಟು ಯಾಕೆ ಬಂತು ಎಂಬುದನ್ನೂ ಹೇಳಬೇಕು. 1876ರಿಂದ 78ರವರೆಗೆ ಮೈಸೂರು ಸಂಸ್ಥಾನಕ್ಕೆ ಘೋರ ಬರ ಬಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕು, ಇಲ್ಲಿ ಕಮ್ಮಿಯಾದರು. ಆ ಗಾಯದ ನಂತರ ಸಂಸ್ಥಾನ ನೀರಾವರಿ ಕಡೆ ಗಟ್ಟಿಯಾಗಿ ಗಮನ ಕೊಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1898ರಲ್ಲಿ ಮಾರಿಕಣಿವೆ ಕೆಲಸ ಶುರುವಾಯಿತು. 1907ರಲ್ಲಿ ಮುಗಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕವರಿದ್ದಾಗ ರಾಜ್ಯ ನೋಡಿಕೊಂಡ ತಾಯಿ ಕೆಂಪನಂಜಮ್ಮಣ್ಣಿಯವರ ಬಿರುದು ವಾಣಿವಿಲಾಸ ಸನ್ನಿಧಾನ. ಆ ಹೆಸರೇ ಸಾಗರಕ್ಕೆ ಬಂತು. ಕೆಆರ್‌ಎಸ್‌ಗೆ ಅಡಿಗಲ್ಲು ಬೀಳುವ ಮೊದಲೇ ನಮ್ಮ ಕಣಿವೆಯಲ್ಲಿ ನೀರು ನಿಂತಿತ್ತು. ಶಾಲಾ ಪ್ರವಾಸದಲ್ಲಿ ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಸುಮಾರು 30 ಟಿಎಂಸಿ ಹಿಡಿಯುವ ಈ ಸಾಗರ ತುಂಬುವುದೇ ಅಪರೂಪ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷದ ನಂತರ, 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ. ಮೊದಲ ಕೋಡಿಯನ್ನು ಅಜ್ಜಂದಿರ ಬಾಯಲ್ಲಿ ಕೇಳಿದ್ದವರು ಎರಡನೆಯದನ್ನು ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೋಡಿದರು. ಮಳೆ ಚೆನ್ನಾಗಿ ಆದದ್ದಲ್ಲದೆ, ಭದ್ರಾ ನೀರನ್ನು ಎತ್ತಿ ಈ ಕಡೆ ಹರಿಸಲು ಶುರುಮಾಡಿದ್ದೂ ಇದಕ್ಕೆ ಕಾರಣ. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣಕ್ಕಾಗಿ ನಮ್ಮ ರೈತರು ಬೀದಿಗಿಳಿದದ್ದು ನಿಮಗೆಲ್ಲ ಗೊತ್ತಿರುವುದೇ.

ಎರಡನೇ ನಿಲ್ದಾಣ: ಏಳು ಸುತ್ತಿನ ಕೋಟೆ

ಹಿರಿಯೂರಿನಿಂದ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಹೋದರೆ ಚಿತ್ರದುರ್ಗ. ಬೆಂಗಳೂರು–ಪುಣೆ ಕಾರುಗಳು ಈಗ ಊರೊಳಗೆ ಬರುವುದಿಲ್ಲ, ಬೈಪಾಸಿನಲ್ಲೇ ಹಾರಿಹೋಗುತ್ತವೆ. ನಾವು ಒಳಗೆ ತಿರುಗಿದೆವು.

ಕೋಟೆಗೆ ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ಮೇಲೆ ಬಂಡೆ ಕಾಯುತ್ತದೆ, ಚಿಕ್ಕ ಮಕ್ಕಳು ಸುಸ್ತಾಗುತ್ತಾರೆ. ಬಾಗಿಲು ದಾಟುವಾಗ ಒಂದು ಆಟ ಆಡಿಸಬಹುದು: ಒಂದು ಬಾಗಿಲಲ್ಲಿ ನಿಂತರೆ ಮುಂದಿನದು ಕಾಣುತ್ತದಾ ನೋಡಿ ಎಂದು ಹೇಳಿ. ದಾರಿ ತಿರುತಿರುಗಿ ಹೋಗುತ್ತದೆ. ಆನೆಯಾಗಲಿ ಕುದುರೆಯಾಗಲಿ ಓಡಿ ಬಂದು ಗುದ್ದಲು ಜಾಗವಿಲ್ಲ. ಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳು, ಎಣ್ಣೆ ಕೊಳ, ಹಿಡಿಂಬೇಶ್ವರ ಗುಡಿ, ಎಲ್ಲಾ ಕಡೆ ಮಕ್ಕಳಿಗೆ ಕೇಳಲು ಪ್ರಶ್ನೆ ಇದೆ.

ವಿಜಯನಗರದ ಕಾಲದಲ್ಲಿ ತಿಮ್ಮಣ್ಣನಾಯಕನಿಂದ ಶುರುವಾದ ಪಾಳೆಯಗಾರರ ಆಳ್ವಿಕೆ ಕೊನೆಯ ಮದಕರಿನಾಯಕನವರೆಗೆ ಇನ್ನೂರು ವರ್ಷ ನಡೆಯಿತು. 1779ರಲ್ಲಿ ಹೈದರಾಲಿ ಕೋಟೆ ಹಿಡಿದ. ತ.ರಾ. ಸುಬ್ಬರಾಯರು ಆ ಕೊನೆಯ ದಿನಗಳನ್ನೇ ‘ದುರ್ಗಾಸ್ತಮಾನ’ದಲ್ಲಿ ಬರೆದರು. ಆ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮಕ್ಕಳು ಕಾಯುವುದು ಮಾತ್ರ ಓಬವ್ವನ ಕಿಂಡಿಗೆ. 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿ ಒನಕೆ ಹಿಡಿದು ನಿಂತದ್ದನ್ನು ಈಗಿನ ಮಕ್ಕಳು ಫೋನಿನಲ್ಲೇ ನೋಡಿರುತ್ತಾರೆ. ಕಥೆ ನಮಗೆ ಬಂದಿರುವುದು ಜನರ ಬಾಯಿಂದ. ಕಾವಲು ಕಾಯುವ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದ. ಅವನಿಗೆ ನೀರು ತರಲು ಓಬವ್ವ ಹೊರಟಳು. ಬಂಡೆಯ ಸಂದಿಯಿಂದ ಹೈದರನ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿದ್ದರು. ಗಂಡನನ್ನು ಊಟದಿಂದ ಎಬ್ಬಿಸದೆ ತಾನೇ ಒನಕೆ ಹಿಡಿದಳು.

ಒನಕೆ ಎಲ್ಲರಿಗೂ ನೆನಪಿದೆ. ಅವಳು ಹೊರಟಿದ್ದು ನೀರಿಗೆ ಎಂಬುದನ್ನು ಮರೆಯುತ್ತೇವೆ. ಕಿಂಡಿಯ ಪಕ್ಕದಲ್ಲೇ ತಣ್ಣೀರು ದೋಣಿ ಇದೆ. ಬಂಡೆಯ ಬುಡದಲ್ಲಿ ನೀರು ನಿಲ್ಲುವ ಸಣ್ಣ ಜಾಗ. ಅದನ್ನು ತಪ್ಪದೆ ತೋರಿಸಿ. ನಮ್ಮ ಮಗಳು ಕಿಂಡಿಗಿಂತ ಹೆಚ್ಚು ಹೊತ್ತು ಅಲ್ಲೇ ಕೂತಳು.

“ಇಷ್ಟು ಜನ ಇದ್ದರಲ್ಲ, ಎಲ್ಲರಿಗೂ ನೀರು ಎಲ್ಲಿಂದ?” ಎಂದು ಕೇಳಿದಳು. ಉತ್ತರಕ್ಕೆ ನಾವು ಮೇಲೆ ಗೋಪಾಲಸ್ವಾಮಿ ಹೊಂಡಕ್ಕೆ ಹೋದೆವು. ಬೆಟ್ಟದ ಮೇಲೆ ಬಿದ್ದ ಮಳೆ ಮೊದಲು ಅಲ್ಲಿ ತುಂಬುತ್ತದೆ. ಹೆಚ್ಚಾದದ್ದು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆ ಹೊಂಡ. ಪಂಪು ಇಲ್ಲ, ಕರೆಂಟು ಇಲ್ಲ, ಇಳಿಜಾರೇ ಎಲ್ಲಾ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದವರು ಹೊರಗೆ ಬಾಯಾರುತ್ತಿದ್ದಾಗ ಒಳಗಿನವರು ತಡೆದುಕೊಂಡದ್ದು ಕಲ್ಲಿನ ಗೋಡೆಯಿಂದ ಮಾತ್ರ ಅಲ್ಲ.

ಮೂರನೇ ನಿಲ್ದಾಣ: ಚಂದ್ರವಳ್ಳಿ

ಕೋಟೆ ನೋಡಿದವರಲ್ಲಿ ಅರ್ಧ ಜನ ಚಂದ್ರವಳ್ಳಿಗೆ ಹೋಗದೆ ವಾಪಸ್ಸಾಗುತ್ತಾರೆ. ಊರಿನ ಪಕ್ಕದಲ್ಲೇ, ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ತಗ್ಗಿನಲ್ಲಿ ಅದು ಇದೆ. ಒಂದು ಕೆರೆ, ದೊಡ್ಡ ಬಂಡೆಗಳು, ಅಂಕಲಿ ಮಠದ ಗುಹೆ. ಗುಹೆಯಲ್ಲಿ ಕೋಣೆಯೊಳಗೆ ಕೋಣೆ, ಪೂರ್ತಿ ಕತ್ತಲೆ. ಮಕ್ಕಳಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಇಷ್ಟವಾದದ್ದು ಇದೇ. ಟಾರ್ಚ್ ಬೇಕೇ ಬೇಕು, ತಿಳಿದವರು ಜೊತೆಗಿರಲಿ.

ಇತಿಹಾಸ ಇರುವುದು ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯಲ್ಲಿ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಬರೀ ಮೂರು ಸಾಲು. ಕದಂಬರ ಮಯೂರಶರ್ಮನ ಶಾಸನ, 4ನೇ ಶತಮಾನದ್ದು. ಓದಲು ಕಾಂಚಿಗೆ ಹೋದ ಹುಡುಗ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಅವಮಾನ ತಡೆಯದೆ ಕತ್ತಿ ಹಿಡಿದು ರಾಜ್ಯ ಕಟ್ಟಿದ ಎಂದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬ ಹೇಳುತ್ತದೆ. ಅದೇ ಮಯೂರಶರ್ಮ ಚಂದ್ರವಳ್ಳಿಯ ಬಂಡೆಯಲ್ಲಿ ತನ್ನ ಹೆಸರಿನ ಜೊತೆ ಬರೆಸಿದ್ದು ಏನನ್ನು? ತಟಾಕ, ಅಂದರೆ ಕೆರೆ. ಪಲ್ಲವರು, ಆಭೀರರು, ಪುನ್ನಾಟ ಮುಂತಾದ ಹೆಸರುಗಳು ಬರುವುದು ಆಮೇಲೆ.

ಇಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ನೋಡಿದರು. ಶಾತವಾಹನರ ಸೀಸದ ನಾಣ್ಯಗಳ ಜೊತೆ ರೋಮ್‌ನ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕವು. ಇದನ್ನು ಹೇಳಿದ ಮೇಲೆ ಮಕ್ಕಳು ಕೆರೆ ದಂಡೆಯಲ್ಲಿ ನೆಲ ನೋಡಿಕೊಂಡೇ ನಡೆದರು.

ನಾಲ್ಕನೇ ನಿಲ್ದಾಣ: ಅಕ್ಷರ ಗುಂಡು

ರಾತ್ರಿ ಚಿತ್ರದುರ್ಗದಲ್ಲಿ ಉಳಿದು, ಮರುದಿನ ಚಳ್ಳಕೆರೆ ಕಡೆ ಹೊರಟೆವು. ಚಳ್ಳಕೆರೆಯಲ್ಲಿ ಹುರಿದ ಕಡಲೆಕಾಯಿ ಕಟ್ಟಿಸಿಕೊಂಡೆವು. ಅಲ್ಲಿಂದ ಮೊಳಕಾಲ್ಮುರು ತಾಲ್ಲೂಕಿನ ಅಶೋಕ ಸಿದ್ದಾಪುರ, ಪಕ್ಕದಲ್ಲೇ ಬ್ರಹ್ಮಗಿರಿ.

ಬ್ರಹ್ಮಗಿರಿಯ ಬಂಡೆಗೆ ಸ್ಥಳೀಯರು ಹಿಂದಿನಿಂದಲೂ ಅಕ್ಷರ ಗುಂಡು ಅನ್ನುತ್ತಿದ್ದರು. ಓದಲು ಬಾರದಿದ್ದರೂ ಅದು ಅಕ್ಷರ ಎಂದು ಜನಕ್ಕೆ ಗೊತ್ತಿತ್ತು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಗುರುತಿಸಿದ ಮೇಲೆ ಅಶೋಕನ ಶಾಸನ ಎಂಬುದು ಲೋಕಕ್ಕೆ ತಿಳಿಯಿತು. ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಮೇಲೂ ಇದೇ ಶಾಸನದ ಪ್ರತಿಗಳಿವೆ. ಒಂದೇ ಕಡೆ ಮೂರು. ಜಟಿಂಗ ರಾಮೇಶ್ವರಕ್ಕೆ ಮೆಟ್ಟಿಲು ಬಹಳ, ತೀರ ಚಿಕ್ಕ ಮಕ್ಕಳಿದ್ದರೆ ಬಿಡಿ.

ಇಲ್ಲಿನ ಬಂಡೆಗಳಲ್ಲಿ ರಾಜನನ್ನು ಕರೆಯುವುದು ದೇವಾನಾಂಪ್ರಿಯ ಎಂದು. ಅಶೋಕ ಎಂಬ ಹೆಸರೇ ಇದ್ದ ಶಾಸನ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತು. ಹಾಗಾಗಿ ಆ ದೇವಾನಾಂಪ್ರಿಯ ಯಾರು ಎಂಬುದು ಖಚಿತವಾಗಲು ನಮ್ಮ ಬಯಲುಸೀಮೆಯ ಕಲ್ಲುಗಳೇ ಬೇಕಾದವು.

ಶಾಸನ ಬಂದಿರುವುದು ಸುವರ್ಣಗಿರಿಯಿಂದ, ಇಸಿಲದ ಅಧಿಕಾರಿಗಳಿಗೆ. ಇಸಿಲ ಅಂದರೆ ಇದೇ ಜಾಗ ಎಂದು ವಿದ್ವಾಂಸರು ಹೇಳುತ್ತಾರೆ. ಚಕ್ರವರ್ತಿ ಅದರಲ್ಲಿ ಒಂದು ಮಾತು ಒಪ್ಪಿಕೊಳ್ಳುತ್ತಾನೆ: ಬುದ್ಧನ ದಾರಿಗೆ ಬಂದ ಮೊದಲ ವರ್ಷ ತಾನು ಹೆಚ್ಚೇನೂ ಪ್ರಯತ್ನ ಪಟ್ಟಿರಲಿಲ್ಲ, ಆಮೇಲೆ ಪಟ್ಟೆ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಇದು ಸಾಧ್ಯ ಎನ್ನುತ್ತಾನೆ. ಮುಂದಿನ ಭಾಗದಲ್ಲಿ ತಂದೆತಾಯಿಯ ಮಾತು ಕೇಳುವುದು, ಪ್ರಾಣಿಗಳ ಮೇಲೆ ದಯೆ, ಸತ್ಯ ಹೇಳುವುದು, ಗುರುವಿಗೆ ಗೌರವ. ಮೊದಲ ವರ್ಷ ರಾಜನೇ ಸರಿಯಾಗಿ ಓದಲಿಲ್ಲವಂತೆ ಎಂದು ನಮ್ಮ ಹುಡುಗ ಅದನ್ನು ಅರ್ಥಮಾಡಿಕೊಂಡ. ನಾವು ತಿದ್ದಲಿಲ್ಲ.

ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ. ಆದರೆ ಲಿಪಿಕಾರ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಲಿಪಿ. ಅಷ್ಟು ದೂರದ ಅಕ್ಷರ ಕಲಿತಿದ್ದ ಒಬ್ಬ ನೌಕರ ನಮ್ಮ ಮೊಳಕಾಲ್ಮುರು ಸೀಮೆಯ ಬಂಡೆಗೆ ಬರೆದು, ಕೆಲಸ ಮುಗಿಸಿ ಸಹಿ ಹಾಕಿದ್ದಾನೆ. ಬಾಡಿಗೆ ಗಾಡಿಯ ಡ್ರೈವರ್ ಅಣ್ಣ ಅಲ್ಲಿಯವರೆಗೆ ನೆರಳಲ್ಲಿ ಕೂತಿದ್ದವರು, ಇದನ್ನು ಕೇಳಿ ಎದ್ದು ಬಂದು ನೋಡಿದರು.

ಅಶೋಕನಿಗಿಂತ ಮುಂಚೆಯೂ ಇಲ್ಲಿ ಜನ ಇದ್ದರು. 1947ರಲ್ಲಿ ವೀಲರ್ ಇಲ್ಲಿಯೂ ಅಗೆದಾಗ ನಯಮಾಡಿದ ಕಲ್ಲಿನ ಕೊಡಲಿ, ಅದರ ಮೇಲಿನ ಪದರದಲ್ಲಿ ಕಬ್ಬಿಣದ ಕಾಲದ ಕಲ್ಲುವೃತ್ತದ ಸಮಾಧಿಗಳು ಕಂಡವು. ದಕ್ಷಿಣ ಭಾರತದ ಹಳೆಯ ಕಾಲಮಾನ ಲೆಕ್ಕ ಹಾಕಲು ಈ ಅಗೆತ ಬಹಳ ನೆರವಾಯಿತು.

ವಾಪಸ್ ಬರುವಾಗ

ನಮ್ಮ ಜಿಲ್ಲೆಗೆ ಬರದ ಜಿಲ್ಲೆ ಎಂಬ ಹೆಸರು ಅಂಟಿಕೊಂಡಿದೆ. ವರದಿಗಾರರಾಗಿ ನಾವೂ ಆ ಪದವನ್ನು ಎಷ್ಟೋ ಸಲ ತಲೆಬರಹಕ್ಕೆ ಹಾಕಿದ್ದೇವೆ. ಅದನ್ನೇ ಕೇಳಿ ಬೆಳೆದ ಮಕ್ಕಳಿಗೆ ಇದು ಬಿಟ್ಟು ಹೋಗುವ ಊರು ಎಂದೇ ಅನ್ನಿಸುತ್ತದೆ. ಎಷ್ಟೋ ಹುಡುಗರು ಇದೇ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗಿಯೂ ಆಯಿತು. ಆದರೆ ಈ ನಾಲ್ಕು ಜಾಗ ನೋಡಿದರೆ ಬೇರೆ ಲೆಕ್ಕ ಸಿಗುತ್ತದೆ. ಮಳೆ ಕಮ್ಮಿ ಎಂಬುದು ಮಯೂರಶರ್ಮನ ಕಾಲಕ್ಕೂ ಗೊತ್ತಿತ್ತು, ನಾಯಕರಿಗೂ ಗೊತ್ತಿತ್ತು. ಅವರು ಕೆರೆ ಕಟ್ಟಿ, ಹೊಂಡ ತೋಡಿ ಇಲ್ಲೇ ಉಳಿದರು. ಊರಿನ ಕೆರೆ ಹೂಳು ತೆಗೆಸಿ ಎಂದು ಗ್ರಾಮಸಭೆಯಲ್ಲಿ ಕೇಳುವಾಗ ನಮ್ಮ ಬೆನ್ನಿಗೆ 1,600 ವರ್ಷದ ಒಂದು ಬಂಡೆಯೂ ಇದೆ ಎಂಬುದು ಮಕ್ಕಳಿಗೆ ಗೊತ್ತಿರಲಿ.

ಹೋಗುವವರಿಗೆ ನಾಲ್ಕು ಮಾತು. ಕುಡಿಯುವ ನೀರು, ಟೋಪಿ, ಟಾರ್ಚ್ ಜೊತೆಗಿರಲಿ. ಕೋಟೆಯಲ್ಲಿ ಕೋತಿಗಳಿವೆ, ತಿಂಡಿ ಚೀಲದೊಳಗಿರಲಿ. ಮಾರಿಕಣಿವೆ ಮತ್ತು ಹೊಂಡಗಳ ಹತ್ತಿರ ಮಕ್ಕಳ ಕೈ ಬಿಡಬೇಡಿ. ಗಾಡಿ ಇಲ್ಲದವರು ಬಸ್ಸಿನಲ್ಲಿ ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯವರೆಗೆ ಸಲೀಸಾಗಿ ಹೋಗಬಹುದು, ಸಿದ್ದಾಪುರದ ಕಡೆ ಮಾತ್ರ ಬಸ್ಸಿನ ವೇಳೆ ಮೊದಲೇ ಕೇಳಿಕೊಳ್ಳಿ. ಎರಡು ದಿನ ಆಗದಿದ್ದರೆ ಒಂದೇ ಜಾಗ ಆರಿಸಿಕೊಳ್ಳಿ.

ಇನ್ನೊಂದು ಮಾತು. ಕೋಟೆಯ ಗೋಡೆಗಳಲ್ಲಿ, ಗುಹೆಯಲ್ಲಿ ಜನ ಹೆಸರು ಕೆತ್ತಿದ್ದು ನೋಡಿ ಬೇಸರವಾಯಿತು. ನಿಮ್ಮ ಮಕ್ಕಳು ಕಲ್ಲು ಕೈಗೆತ್ತಿಕೊಂಡರೆ ಬೈಯಬೇಡಿ, ಚಪಡನ ಕಥೆ ಹೇಳಿ. ಅವನು ಸಹಿ ಹಾಕಿದ್ದು ತಾನು ಬರೆದ ಕೆಲಸದ ಕೆಳಗೆ.

ನಿಮ್ಮೂರಿನ ಹೊಲದ ಬದಿಯಲ್ಲಿ, ಗುಡಿಯ ಹಿಂದೆ, ಕೆರೆ ಏರಿ ಮೇಲೆ ಅಕ್ಷರದ ಕಲ್ಲು ಇದ್ದರೆ ಈ ಭಾನುವಾರ ಮಕ್ಕಳನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ. ಅದಕ್ಕೆ ಬಾಡಿಗೆ ಗಾಡಿಯೂ ಬೇಡ.