ಬಾರಿಸಲ್ಲ ಅಂದವರಿಂದ ಹುಟ್ಟಿದ ಹಾಡು



2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ತಮಟೆಗೆ ಬಂದ ಪದ್ಮಶ್ರೀ! ನಮ್ಮ ಕೋಲಾರ ಸೀಮೆಯವರಿಗೆಲ್ಲ ಎದೆ ಉಬ್ಬಿತ್ತು. ಆದ್ರೆ ಅವತ್ತಿನಿಂದ ಒಂದು ಮಾತು ಪದೇಪದೇ ಕಿವಿಗೆ ಬೀಳ್ತಿದೆ. "ನಿಮ್ಮ ಕಲೆಗೆ ಸರ್ಕಾರವೇ ಇಷ್ಟು ಗೌರವ ಕೊಡುತ್ತೆ, ನಿಮ್ಮ ಹುಡುಗರು ಮಾತ್ರ ಊರಿನ ಜಾತ್ರೆಗೆ ಕರೆದ್ರೆ ಬರಲ್ಲ ಅಂತಾರೆ. ಯಾಕ್ರೀ ಹಿಂಗೆ?" ಇದಕ್ಕೆ ಒಂದು ಸಾಲಿನ ಉತ್ತರ ಇಲ್ಲ. ನಮ್ಮ ಮನೆ ಚರಿತ್ರೆಯನ್ನೇ ಹೇಳಬೇಕು.

ನಮ್ಮ ತಾತ, ನಮ್ಮಪ್ಪ ಇಬ್ಬರೂ ತಮಟೆ ಬಾರಿಸಿದವರು. ಆಗ ಅದಕ್ಕೆ ಕಲೆ ಅನ್ನೋ ಹೆಸರಿರಲಿಲ್ಲ, ಚಾಕರಿ ಅಂತಿತ್ತು. ಊರಲ್ಲಿ ಸಾವಾದ್ರೆ, ದೇವರ ಮೆರವಣಿಗೆ ಹೊರಟರೆ, ಟಾಂಟಾಂ ಹಾಕಿಸಬೇಕಂದ್ರೆ ಕೇರಿಗೆ ಆಳು ಬರ್ತಿತ್ತು. ಜ್ವರ ಇದ್ರೂ ಹೋಗಬೇಕು. ಮನೆಯಲ್ಲೇ ಹೆಣ ಮಲಗಿದ್ರೂ ಹೋಗಬೇಕು. ಸುಗ್ಗಿಯಲ್ಲಿ ಕೊಡೋ ಒಂದೆರಡು ಮೊರ ರಾಗಿಯೇ ಕೂಲಿ. ದೇವರ ಮುಂದೆ ತಮಟೆ ಬೇಕು, ದೇವರ ಗುಡಿಯೊಳಕ್ಕೆ ತಮಟೆಯವನು ಬೇಡ.

ಕಾಗದದ ಮೇಲೆ ಇದೆಲ್ಲ ಯಾವತ್ತೋ ಮುಗಿದಿತ್ತು. ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನ ಸಭೆಯಲ್ಲಿ ಮಹಾರ್ ವತನದ ಜೀತದ ವಿರುದ್ಧ ಮಸೂದೆ ತಂದಿದ್ರು. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ 1961ರದ್ದು. ದಿನಾ ಕಡತಗಳ ನಡುವೆ ಕೂರೋ ಗುಮಾಸ್ತ ನಾನು. ಕಾಯ್ದೆ ಕಪಾಟಿನಿಂದ ಇಳಿದು ಕೇರಿಗೆ ನಡೆದು ಬರೋಕೆ ಎಷ್ಟು ವರ್ಷ ಬೇಕು ಅಂತ ನನಗೆ ಗೊತ್ತು. ನಮ್ಮ ಕೇರಿಗೆ ಅದನ್ನ ತಂದವರು ಅಧಿಕಾರಿಗಳಲ್ಲ, ಹಾಡುಗಾರರು.

1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಎದ್ದ ಗಲಾಟೆ, ಆಮೇಲೆ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ, 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು': ಇವೆಲ್ಲ ನಮಗೆ ಗೊತ್ತಿರೋ ಚರಿತ್ರೆ. ಆದ್ರೆ ಓದು ಬರದ ನಮ್ಮಮ್ಮ ಆ ಪುಸ್ತಕ ಮುಟ್ಟಿದವಳೇ ಅಲ್ಲ. ಸಂಘದ ಹುಡುಗರು ಸೈಕಲ್ ಮೇಲೆ ಬಂದು, ಕೇರಿಯ ಲೈಟುಕಂಬದ ಕೆಳಗೆ ನಿಂತು ಹಾಡೋರು. ಅವಳು ಕೇಳಿ ಕೇಳಿ ಕಲಿತು ನಾಟಿ ಗದ್ದೆಯಲ್ಲಿ ಹಾಡೋಳು. ಅದನ್ನ ಬರೆದವರು ಯಾರು ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಕವಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ ಹೇಳಿ.

ಎಂಬತ್ತರ ದಶಕದ ಕೊನೆಯಲ್ಲಿ ಒಂದಿನ ಊರಿಂದ ಆಳು ಬಂದಾಗ ನಮ್ಮಪ್ಪ "ಬರಲ್ಲ" ಅಂದ. ಅಷ್ಟೇ, ಒಂದೇ ಮಾತು. ಆ ಒಂದು ಮಾತಿಗೆ ಮೂರು ತಿಂಗಳು ಹೊಲದ ಕೂಲಿ ನಿಂತುಹೋಯ್ತು. ಅಂಗಡಿಯಲ್ಲಿ ಸಾಲ ಇಲ್ಲ. ಅಪ್ಪ ಮೆತ್ತಗಾದಾಗ ಅಮ್ಮ ಗಟ್ಟಿಯಾಗಿ ನಿಂತಳು. ಬೇರೆ ಊರಿಗೆ ಕೂಲಿಗೆ ಹೋಗಿ ನಮಗೆ ಮುದ್ದೆ ಹಾಕಿದಳು. ನನ್ನ ಆದರ್ಶ ಯಾರು ಅಂತ ಕೇಳಿದ್ರೆ ಬಾಬಾಸಾಹೇಬರ ಹೆಸರಿನ ಪಕ್ಕದಲ್ಲೇ ಅವಳ ಹೆಸರೂ ಇದೆ.

ಆಗ ಸಂಘದೊಳಗೇ ದೊಡ್ಡ ವಾದ ನಡೀತಿತ್ತು. ತಮಟೆ ಗುಲಾಮಗಿರಿಯ ಗುರುತು, ಸುಟ್ಟುಹಾಕಿ ಅಂತ ಕೆಲವರು. ಅಪ್ಪ ಒಪ್ಪಲಿಲ್ಲ. "ಚರ್ಮ ನಮ್ದು, ಕೈ ನಮ್ದು. ಕೂಗಿ ಕರೆಯೋ ಬಾಯಿ ಮಾತ್ರ ಅವರದಾಗಿತ್ತು" ಅಂದ. 1991ರ ಅಂಬೇಡ್ಕರ್ ಶತಮಾನೋತ್ಸವದ ಮೆರವಣಿಗೆಯಲ್ಲಿ ಅದೇ ತಮಟೆಯನ್ನ ಹುಲ್ಲಿನ ಬೆಂಕಿಗೆ ಕಾಯಿಸಿ ಬಾರಿಸಿದ. ಯಾರೂ ಆಳು ಕಳಿಸಿರಲಿಲ್ಲ, ತಾನಾಗೇ ಹೋಗಿದ್ದ. ನಾನು ಪಕ್ಕದಲ್ಲೇ ನಡೀತಿದ್ದೆ. ಅದೇ ಚರ್ಮ, ಅದೇ ಕಡ್ಡಿ, ಆದ್ರೆ ಬೇರೆಯದೇ ಸದ್ದು.

ಈ ಬದಲಾವಣೆಯನ್ನ ನಮ್ಮ ಜಿಲ್ಲೆಯ ಕಲಾವಿದರು ಇನ್ನೂ ಮುಂದಕ್ಕೆ ಒಯ್ದರು. ಪಿಚ್ಚಳ್ಳಿ ಶ್ರೀನಿವಾಸ್ ಅವರ ಗಂಟಲು, ಕೋಟಿಗಾನಹಳ್ಳಿ ರಾಮಯ್ಯನವರ ಸಾಲುಗಳು, ತೇರಹಳ್ಳಿ ಬೆಟ್ಟದ ಆದಿಮದಲ್ಲಿ ನಡೆದ ಹುಣ್ಣಿಮೆ ಹಾಡು, ಇವೆಲ್ಲ ಅದೇ ದಾರಿಯವು. ಈಗ ನನ್ನ ಮಗಳು ಕಾಲೇಜಿಗೆ ಹೋಗ್ತಾ ಕಿವಿಗೆ ಸಿಕ್ಕಿಸಿಕೊಂಡು ಕೇಳೋದು ಚೆನ್ನೈನ ಕಾಸ್ಟ್‌ಲೆಸ್ ಕಲೆಕ್ಟಿವ್. ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಕಟ್ಟಿದ ತಂಡ ಅದು. ಗಾನಾ, ರ‍್ಯಾಪ್, ಗಿಟಾರ್ ಜೊತೆ ಪರೈ. ಪರೈ ಅಂದ್ರೆ ನಮ್ಮ ತಮಟೆಯ ಒಡಹುಟ್ಟು. ತಾತನಿಗೆ ಚಾಕರಿಯಾಗಿದ್ದ ಸದ್ದು ಮೊಮ್ಮಗಳಿಗೆ ಹೆಮ್ಮೆಯ ಹಾಡಾಗಿದೆ. ನಡುವೆ ಒಬ್ಬ "ಬರಲ್ಲ" ಅಂದಿದ್ದ ಅನ್ನೋದನ್ನ ಮರೀಬಾರದು.

ಅದಕ್ಕೇ ಹೇಳ್ತೀನಿ, ಬೇಡ ಅನ್ನೋ ಹಕ್ಕು ಇದ್ದಾಗ ಮಾತ್ರ ಅದು ಕಲೆ. ಇಲ್ಲದಿದ್ರೆ ಜೀತ. ನಮ್ಮ ಹುಡುಗರು ಊರಿನ ಜಾತ್ರೆಗೆ ಯಾಕೆ ಬರಲ್ಲ ಅಂತ ಕೇಳೋರಿಗೆ ನಾವು ತಿರುಗಿ ಮೂರು ಪ್ರಶ್ನೆ ಕೇಳೋಣ. ಬರಲ್ಲ ಅಂದ್ರೆ ನಾಳೆ ಅವನಿಗೆ ಕೂಲಿ ಸಿಗುತ್ತಾ? ಬಂದ್ರೆ ಬ್ಯಾಂಡಿನವರಿಗೆ ಕೊಟ್ಟಷ್ಟು ದುಡ್ಡು ಕೊಡ್ತೀರಾ? ಬಾರಿಸಿ ಮುಗಿಸಿದ ಮೇಲೆ ನಿಮ್ಮ ಪಂಕ್ತಿಯಲ್ಲೇ ಎಲೆ ಹಾಕ್ತೀರಾ?

ಗೆಳೆಯರೇ, ಒಂದು ಕೆಲಸ ಮಾಡಿ. ನಿಮ್ಮ ಕೇರಿಯಲ್ಲಿ ಆ ಕಾಲದಲ್ಲಿ ಹಾಡಿದವರು, ಬಾರಿಸಿದವರು, ಬಾರಿಸಲ್ಲ ಅಂದವರು ಇನ್ನೂ ಇದ್ದಾರೆ. ಕೈಯಲ್ಲಿ ಮೊಬೈಲ್ ಇದೆ, ಈ ಭಾನುವಾರವೇ ಹೋಗಿ ಅವರ ದನಿ ರೆಕಾರ್ಡ್ ಮಾಡಿ. ಯಾವ ಸರ್ಕಾರಿ ಕಡತದಲ್ಲೂ ಅವರ ಹೆಸರು ಸಿಗಲ್ಲ. ನಾನು ಹುಡುಕಿ ನೋಡಿದ್ದೀನಿ.

ಜೈಭೀಮ್.