ಜರಡಿಯಲ್ಲಿ ಕಳೆದ ‘ಸಿವ’

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕದ ದಿನ ಲಕ್ಷಾಂತರ ಜನ ಸೇರುತ್ತಾರೆ. ಡಮರುಗ, ಗಂಟೆ, ಏಳುಕೋಟಿಯ ಉದ್ಘೋಷ, ಮಕ್ಕಳ ಅಳು, ವ್ಯಾಪಾರಿಗಳ ಕೂಗು ಎಲ್ಲ ಒಂದಾಗಿ ಮರಡಿಯೇ ಮೊರೆಯುತ್ತಿರುತ್ತದೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟೂ ಜನ ಮೌನವಾಗುತ್ತಾರೆ. ಒಂದೇ ಒಂದು ಮಾತು ಕಾರ್ಣಿಕವಾಗಿ ಹೊರಬರುತ್ತದೆ, ಮರುಗಳಿಗೆಯಲ್ಲಿ ಮತ್ತೆ ಅದೇ ಮೊರೆತ. ಯಾವುದು ಕೇಳಬೇಕು, ಯಾವುದು ಅಡಗಬೇಕು ಎಂಬುದನ್ನು ಅಲ್ಲಿ ಜನರೇ ಒಪ್ಪಿಕೊಂಡಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ನಾನೊಬ್ಬನೇ ತೀರ್ಮಾನಿಸಿದೆ. ಆ ತಪ್ಪಿನಿಂದ ಈ ಬರಹ ಹುಟ್ಟಿತು.

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ಚೌಡಿಕೆ ಪದಗಳು ನನ್ನ ಪಿಎಚ್‌.ಡಿ. ವಿಷಯ. ಕೊಟ್ಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತೀರಿಹೋದ ಹಾಡುಗಾರ್ತಿಯೊಬ್ಬರ ಕ್ಯಾಸೆಟ್ ಸಿಕ್ಕಿತು. ಯಾರೋ ಮೇಷ್ಟ್ರು ಮನೆಯಂಗಳದಲ್ಲೇ ರೆಕಾರ್ಡ್ ಮಾಡಿಕೊಟ್ಟಿದ್ದಂತೆ. ಮೇಲೆ ಊರಿನ ಹೆಸರು ಬಿಟ್ಟರೆ ಇಸವಿ ಇಲ್ಲ, ತಾರೀಖಿಲ್ಲ. ಟೇಪಿನ ತುಂಬ ‘ಸ್ಸ್’ ಎನ್ನುವ ಸದ್ದು, ಅಡಿಯಲ್ಲಿ ಏನೋ ಗುಡುಗುಡು. ಅದನ್ನು ಕಂಪ್ಯೂಟರಿಗೆ ಇಳಿಸಿ, ಈಕ್ವಲೈಸರ್ ತೆರೆದು, 150 ಹರ್ಟ್ಸ್‌ಗಿಂತ ಕೆಳಗಿನದನ್ನೂ 3,000 ಹರ್ಟ್ಸ್‌ಗಿಂತ ಮೇಲಿನದನ್ನೂ ಫಿಲ್ಟರ್ ಹಾಕಿ ಕತ್ತರಿಸಿದೆ. ಧ್ವನಿ ನಿಚ್ಚಳವಾಯಿತೆಂದು ಹಿಗ್ಗಿ, ಆ ಪ್ರತಿಯನ್ನು ಅವರ ಮಗಳಿಗೆ ಕೇಳಿಸಿದೆ. ಅವರು ಸ್ವಲ್ಪ ಹೊತ್ತು ಕೇಳಿ, “ನಮ್ಮವ್ವ ಫೋನಿನ್ಯಾಗ ಹಾಡಿದಂಗ ಐತಲ್ಲ ತಮ್ಮಾ, ಚೌಡಿಕಿ ಎಲ್ಲಿ ಹೋತು?” ಎಂದರು.

ಅವರ ಕಿವಿ ಚರಿತ್ರೆಯನ್ನೇ ಹಿಡಿದಿತ್ತು. ಏಕೆಂದರೆ ಫಿಲ್ಟರ್ ಎಂಬ ಈ ಜರಡಿ ಬೆಳೆದದ್ದೇ ಟೆಲಿಫೋನಿನ ಮನೆಯಲ್ಲಿ. ಒಂದೇ ತಂತಿಯಲ್ಲಿ ಹಲವು ಮಾತುಕತೆಗಳನ್ನು ಬೇರೆಬೇರೆಯಾಗಿ ಕಳಿಸಲು ಅಮೆರಿಕದ ಟೆಲಿಫೋನ್ ಕಂಪನಿಯ ಜಾರ್ಜ್ ಕ್ಯಾಂಪ್‌ಬೆಲ್ ರೂಪಿಸಿದ ವಿದ್ಯುತ್ ಫಿಲ್ಟರಿಗೆ 1917ರಲ್ಲಿ ಪೇಟೆಂಟ್ ಸಿಕ್ಕಿತು. ಉದ್ದ ತಂತಿಯಲ್ಲಿ ಹೆಚ್ಚು ಸೊರಗುವ ಮೇಲಿನ ಸ್ವರಗಳನ್ನು ಮತ್ತೆ ಸರಿದೂಗಿಸುವ ಕೆಲಸಕ್ಕೆ ‘ಈಕ್ವಲೈಸೇಶನ್’, ಅಂದರೆ ಸಮಮಾಡುವುದು, ಎಂಬ ಹೆಸರು ಬಂತು. ಮಾತು ಅರ್ಥವಾದರೆ ಸಾಕು ಎಂಬ ಲೆಕ್ಕದಲ್ಲಿ ಟೆಲಿಫೋನ್ 300ರಿಂದ 3,400 ಹರ್ಟ್ಸ್ ತನಕದ ಸದ್ದನ್ನಷ್ಟೇ ದಾಟಿಸಿತು. ನಾನು ಅರಿಯದೆ ಆ ಹಾಡುಗಾರ್ತಿಯನ್ನು ಅದೇ ತಂತಿಯೊಳಗೆ ತಳ್ಳಿದ್ದೆ.

ಗ್ರಾಮಫೋನಿನ ಕಥೆಯೂ ಬೇರೆಯಲ್ಲ. 1925ಕ್ಕೆ ಮೊದಲು ಮೈಕ್ ಇರಲಿಲ್ಲ. ಹಾಡುವವರು ತಗಡಿನ ಕಹಳೆಯೊಳಗೆ ಹಾಡಬೇಕಿತ್ತು. ಆ ಕಹಳೆ ಹಿಡಿಯುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಸ್. ಆ ಕಾಲದ ತಟ್ಟೆಗಳಲ್ಲಿ ಗಂಟಲು ಮುಂದೆ, ತಬಲದ ಎಡ ಎಲ್ಲೋ ದೂರ. ಆಗಿನವರು ಎಡ ಮೆಲ್ಲಗೆ ಬಾರಿಸುತ್ತಿದ್ದರು ಎಂದು ಅದರಿಂದ ತೀರ್ಮಾನಿಸಿದರೆ ಕೆಟ್ಟೆವು. ಮೈಕ್ ಬಂದ ಮೇಲೂ ಕಂಪನಿಗಳು ಮಂದ್ರವನ್ನು ತಗ್ಗಿಸಿಯೇ ತಟ್ಟೆ ಕೊರೆಯುತ್ತಿದ್ದವು. ಇಲ್ಲದಿದ್ದರೆ ಸೂಜಿಯ ಗೆರೆ ಅಗಲವಾಗಿ ಓಲಾಡಿ ಪಕ್ಕದ ಗೆರೆಗೆ ಹಾಯುತ್ತಿತ್ತು. ನುಡಿಸುವಾಗ ಅದನ್ನು ಮತ್ತೆ ಏರಿಸಬೇಕು. ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಎಂಬುದಕ್ಕೆ ಕಂಪನಿಗೊಂದು ಲೆಕ್ಕ. ಅಮೆರಿಕದ ರೆಕಾರ್ಡಿಂಗ್ ಉದ್ಯಮ ಒಂದೇ ಅಳತೆಗೆ ಒಪ್ಪಿದ್ದು 1954ರಲ್ಲಿ. ಹಾಗಾಗಿ ಹಳೆಯ ತಟ್ಟೆಯ ‘ಶುದ್ಧ’ ಧ್ವನಿ ಎಂಬುದೊಂದಿಲ್ಲ. ಕೇಳಲು ಕೂತವರು ಯಾವುದೋ ಒಂದು ಜರಡಿಯನ್ನು ಆಯ್ದುಕೊಳ್ಳಲೇಬೇಕು.

ಗ್ರಿಯರ್ಸನ್ನರ ಭಾಷಾ ಸಮೀಕ್ಷೆಯ ಜೊತೆಗೆ ಸರ್ಕಾರಗಳು ಇಂಥ ತಟ್ಟೆಗಳ ಮೇಲೆಯೇ ಭಾರತದ ನುಡಿಗಳನ್ನು ಮುದ್ರಿಸಿಕೊಂಡವು. ಮದ್ರಾಸ್ ಪ್ರಾಂತ್ಯದಲ್ಲೂ ಆ ಕೆಲಸ ನಡೆಯಿತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ನಮ್ಮ ಈ ಸೀಮೆಯೂ ಅದೇ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ನುಡಿಯ ದಾಖಲೆಗೆ ಇಷ್ಟು ಸಾಕಲ್ಲವೇ, ಸಂಗೀತವೇನೂ ಅಲ್ಲವಲ್ಲ ಎಂದು ನಾನೂ ಅಂದುಕೊಂಡಿದ್ದೆ. ಆ ನಂಬಿಕೆ ನನ್ನ ಮೂರನೇ ಅಧ್ಯಾಯದಲ್ಲೇ ಮುರಿಯಿತು.

ಸೋಸಿದ ಪ್ರತಿಯನ್ನು ಕೇಳುತ್ತ ನಾನು ಪದವನ್ನು ಬರೆದುಕೊಂಡಾಗ ಹನ್ನೊಂದು ಕಡೆ ‘ಶಿವ’ ಎಂದು ಬರೆದಿದ್ದೆ. ಅದರ ಮೇಲೆ, ಈ ಹಾಡುಗಾರ್ತಿಗೆ ಮಠದ ಪುರಾಣ ಪ್ರವಚನದ ಸಂಪರ್ಕವಿತ್ತು ಎಂದು ಎರಡು ಪುಟ ವಾದವನ್ನೂ ಕಟ್ಟಿದ್ದೆ. ಮಗಳ ಮಾತು ಕೇಳಿ ಬಂದ ಮೇಲೆ ಮೂಲ ಕ್ಯಾಸೆಟ್ಟನ್ನೇ ಹಾಕಿದೆ. ಆಕೆ ಹಾಡಿದ್ದು ‘ಸಿವ’, ಹನ್ನೊಂದೂ ಕಡೆ. ಕಾರಣ ಸರಳ. ‘ಸ’ಕಾರದ ಉಸಿರಿನ ಬಲವೆಲ್ಲ ಸುಮಾರು 4,000 ಹರ್ಟ್ಸ್‌ಗಿಂತ ಮೇಲಿರುತ್ತದೆ, ‘ಶ’ಕಾರದ್ದು ಅದಕ್ಕಿಂತ ಕೆಳಗೇ ಶುರುವಾಗುತ್ತದೆ. 3,000ಕ್ಕೆ ಕತ್ತರಿ ಹಾಕಿದ ಮೇಲೆ ಉಳಿಯುವ ಮಸುಕಿಗೆ ಕೇಳುವವನ ಓದಿನ ಅಭ್ಯಾಸವೇ ಅಕ್ಷರ ಕೊಡುತ್ತದೆ. ಟೇಪಿನ ‘ಸ್ಸ್’ ತೆಗೆಯಲು ಹೋಗಿ ಅವರ ‘ಸ’ವನ್ನೇ ತೆಗೆದಿದ್ದೆ. ಆ ಎರಡು ಪುಟ ಹೊಡೆದುಹಾಕಿದೆ.

ಹಾಗೆಂದು ಫಿಲ್ಟರೇ ಅಪರಾಧಿಯಲ್ಲ. ಬೆಂಗಳೂರಿನಲ್ಲಿ ಹಾಡು ಸಂಯೋಜಿಸುವ ಗೆಳೆಯನೊಬ್ಬ, ಮನೆಯವರ ಒಪ್ಪಿಗೆ ಪಡೆದು, ಇದೇ ಕ್ಯಾಸೆಟ್ಟಿನ ನಾಲ್ಕು ಸೆಕೆಂಡನ್ನು ಸ್ಯಾಂಪಲ್ ಆಗಿ ತೆಗೆದುಕೊಂಡ. ಮೇಲಿನದನ್ನೆಲ್ಲ ಮುಚ್ಚಿ ಚೌಡಿಕೆಯ ಮಂದ್ರವೊಂದನ್ನೇ ಉಳಿಸಿ ಅದನ್ನು ತನ್ನ ಹಾಡಿನ ಅಡಿಪಾಯ ಮಾಡಿದ. ನಾನು ಗದ್ದಲವೆಂದು ಎಸೆದದ್ದು ಅವನಿಗೆ ಸಂಗೀತವಾಯಿತು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಸ್ಯಾಂಪ್ಲರಿನಲ್ಲಿ ಹಿಡಿಸುತ್ತಿದ್ದದ್ದು ಒಟ್ಟು ಹತ್ತು ಸೆಕೆಂಡು. ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ಅಂಥ ಯಂತ್ರಗಳಲ್ಲಿ ಹಳೆಯ ಜಾಜ್ ತಟ್ಟೆಗಳನ್ನು ಸೋಸಿ ಬಾಸ್ ಎಳೆಯನ್ನಷ್ಟೇ ಎತ್ತಿಕೊಳ್ಳುತ್ತಿದ್ದರು. ಅವರು ಏನು ಕಳೆದರೂ ಮೂಲ ತಟ್ಟೆ ಇನ್ನೊಬ್ಬರ ಮನೆಯಲ್ಲಿ ಇರುತ್ತಿತ್ತು. ನನ್ನ ಕೈಯಲ್ಲಿದ್ದದ್ದು ಒಂದೇ ಕ್ಯಾಸೆಟ್. ಸೋಸಿದ ಪ್ರತಿಯನ್ನು ಉಳಿಸಿ ಅದರ ಮೇಲೆ ಬೇರೇನೋ ರೆಕಾರ್ಡ್ ಮಾಡಿದ್ದರೆ ‘ಸಿವ’ ಶಾಶ್ವತವಾಗಿ ‘ಶಿವ’ ಆಗುತ್ತಿತ್ತು, ಅದೂ ಪ್ರಬಂಧದ ಅಡಿಟಿಪ್ಪಣಿಯ ಬಲದೊಂದಿಗೆ.

ಈಗ ಪ್ರತಿ ಧ್ವನಿಮುದ್ರಿಕೆಗೂ ಎರಡು ಫೈಲು ಇಡುತ್ತೇನೆ. ಒಂದು ಮುಟ್ಟದ್ದು, ಇನ್ನೊಂದು ಕೇಳಲು ಅನುಕೂಲವಾಗುವಂತೆ ಸೋಸಿದ್ದು. ಎಲ್ಲಿ, ಎಷ್ಟು ಕತ್ತರಿಸಿದೆ ಎಂಬುದನ್ನು ಸೋಸಿದ್ದರ ಜೊತೆಗೇ ಬರೆದಿಡುತ್ತೇನೆ. ಹಸ್ತಪ್ರತಿ ಸಂಪಾದಕರು ಪಾಠಾಂತರ ಕೊಡುವುದಿಲ್ಲವೇ, ಹಾಗೆ.

ಮುಟ್ಟದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮತ್ತೆ ಆ ಮನೆಗೆ ಹೋದೆ. ಮಗಳು ಕಣ್ಣು ಮುಚ್ಚಿ ಕೇಳಿದರು. ಚೌಡಿಕೆ ಬಂದಾಗ ತಲೆದೂಗಿದರು. ಆಮೇಲೆ ಅಡಿಯಲ್ಲಿದ್ದ ಆ ಗುಡುಗುಡುವಿಗೆ ಕಿವಿಗೊಟ್ಟು, “ಇದು ಹಿಂದಿನ ಓಣಿ ಗಿರಣಿ. ಆಗ ಎಣ್ಣಿ ಇಂಜಿನ್ ಇತ್ತು. ನನ್ನ ಲಗ್ನದ ವರ್ಷ ಅದಕ್ಕ ಕರೆಂಟಿನ ಮೋಟ್ರು ಬಂತು” ಎಂದರು.

ಅಂದರೆ ಅವ್ವ ಹಾಡಿದ್ದು ಮಗಳ ಮದುವೆಗೆ ಮುಂಚೆ. ಇಸವಿಯಿಲ್ಲದ ಕ್ಯಾಸೆಟ್ಟಿಗೆ ಸಿಕ್ಕ ಏಕೈಕ ಕಾಲಸೂಚನೆ ಅದು. ನಾನು ಮೊಟ್ಟಮೊದಲು ಅಳಿಸಿದ್ದು ಅದನ್ನೇ.